ಕೊಕ್ಕರೆಯನ್ನು ಉಳಿಸಿಕೊಳ್ಳಬೇಕೇ?

ಅಣ್ಣತಮ್ಮಂದಿರು ಜಗಳವಾಡಿದರೆ ಆಸ್ತಿಗಾಗಿ ಎನ್ನುತ್ತಾರೆ. ಈ ಮನೆಯಲ್ಲಿ ಇಬ್ಬರೂ ತಿಂಗಳುಗಟ್ಟಲೆ ಜಗಳವಾಡಿದ್ದು ಒಬ್ಬ ಫುಟ್‌ಬಾಲ್ ಆಟಗಾರನಿಗಾಗಿ. ಅದೂ ಅವರ ಕ್ಲಬ್ಬಿನ ಸ್ವಂತ ಆಟಗಾರನಲ್ಲ, ಎರವಲು ಬಂದವನು.

ಅಣ್ಣ ಆಸ್ಪತ್ರೆಯ ಆಂಬುಲೆನ್ಸ್ ಚಾಲಕ. ಪಂದ್ಯವಿದ್ದ ದಿನ ಕ್ರೀಡಾಂಗಣದಲ್ಲಿ ಒಂದು ಆಂಬುಲೆನ್ಸ್ ನಿಂತಿರಬೇಕೆಂಬ ನಿಯಮವಿತ್ತು. ಆ ಡ್ಯೂಟಿ ಬೇರೆ ಯಾರ ಪಾಲಿಗೂ ಹೋಗದಂತೆ ಅವನು ವರ್ಷಗಳಿಂದ ನೋಡಿಕೊಂಡಿದ್ದ. ತಮ್ಮನಿಗೆ ಬ್ಯಾನರ್ ಮುದ್ರಿಸುವ ಅಂಗಡಿಯಲ್ಲಿ ಯಂತ್ರ ನಡೆಸುವ ಕೆಲಸ. ಎಷ್ಟು ತೊಳೆದರೂ ಅವನ ಉಗುರಿನ ಸಂದಿಯಲ್ಲಿ ಶಾಯಿ ಇದ್ದೇ ಇರುತ್ತಿತ್ತು. ಅಣ್ಣನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮೂವರೂ ಇದ್ದದ್ದು ಎರಡನೇ ಮಹಡಿಯ ಒಂದೇ ಮನೆಯಲ್ಲಿ. ಅಡುಗೆಮನೆಯ ಕಿಟಕಿ ತೆರೆದರೆ ಕ್ರೀಡಾಂಗಣದ ದೀಪದ ಕಂಬಗಳು ಕಾಣುತ್ತಿದ್ದವು.

ಆ ಆಟಗಾರನನ್ನು ದೊಡ್ಡ ನಗರದ ದೊಡ್ಡ ಕ್ಲಬ್ಬೊಂದು, ತನ್ನಲ್ಲಿ ಆಡಿಸಲು ಜಾಗವಿಲ್ಲದೆ, ಒಂದು ಆಟದ ಋತುವಿನ ಮಟ್ಟಿಗೆ ಇವರಿಗೆ ಎರವಲು ಕೊಟ್ಟಿತ್ತು. ಋತು ಮುಗಿದ ಮೇಲೆ ಅವನನ್ನು ಹಿಂದಕ್ಕೆ ಕಳಿಸಬೇಕು, ಇಲ್ಲವೇ ಬೆಲೆ ಕೊಟ್ಟು ಕಾಯಂ ಆಗಿ ಇಟ್ಟುಕೊಳ್ಳಬೇಕು. ಉದ್ದ ಕಾಲು, ಉದ್ದ ಕತ್ತು, ತೆಳ್ಳನೆಯ ಮೈ. ಬಂದ ವಾರವೇ ಊರೆಲ್ಲ ಅವನಿಗೆ ಕೊಕ್ಕರೆ ಎಂದು ಹೆಸರಿಟ್ಟಿತು. ಬೇಕು ಎನ್ನುವವರೂ ಅವನನ್ನು ಕೊಕ್ಕರೆ ಎಂದೇ ಕರೆದರು, ಬೇಡ ಎನ್ನುವವರೂ ಹಾಗೇ ಕರೆದರು.

ಮೊದಮೊದಲು ಗೋಲಿನ ಮೇಲೆ ಗೋಲು ಹೊಡೆದ. ಆಮೇಲೆ ಏನಾಯಿತೋ, ದ್ವಿತೀಯಾರ್ಧ ಶುರುವಾದರೆ ಸಾಕು, ಸೊಂಟಕ್ಕೆ ಕೈ ಕೊಟ್ಟು ನಿಂತುಬಿಡುತ್ತಿದ್ದ. ಚೆಂಡು ಹತ್ತಿರ ಬಂದರೂ ಒಮ್ಮೊಮ್ಮೆ ಓಡುತ್ತಿರಲಿಲ್ಲ.

"ಸೋಂಬೇರಿ ಕಣೋ ಅವನು," ಎನ್ನುತ್ತಿದ್ದ ಅಣ್ಣ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ. "ಬಕಧ್ಯಾನ. ಮೀನು ತಾನಾಗೇ ಕೊಕ್ಕಿಗೆ ಬಂದು ಬೀಳಲಿ ಅಂತ ನಿಂತಿರ್ತಾನೆ."

"ಅವನು ಬರೋಕೆ ಮುಂಚೆ ನಮಗೆ ಗೋಲು ಹೊಡೆಯೋರು ಯಾರಿದ್ರು ಹೇಳು?" ಎನ್ನುತ್ತಿದ್ದ ತಮ್ಮ. "ಬಿಟ್ಟುಕೊಟ್ರೆ ಮುಂದಿನ ವರ್ಷ ಬಾಯಿ ಬಾಯಿ ಬಡ್ಕೋಬೇಕು."

"ಎರವಲು ಬಂದವನಿಗೆ ನಮ್ಮ ಕ್ಲಬ್ಬಿನ ಮೇಲೆ ಯಾವ ಪ್ರೀತಿ? ಆಡಿದ್ರೆ ಆಡಿದ, ಬಿಟ್ರೆ ಬಿಟ್ಟ."

"ಪ್ರೀತಿ ಇರೋ ನೀನು ಹೋಗಿ ಆಡು ಹಂಗಾದ್ರೆ."

ಅತ್ತಿಗೆ ಇಬ್ಬರ ಮುಂದಿನ ತಟ್ಟೆಗಳನ್ನೂ ಎತ್ತುತ್ತಾ ಒಮ್ಮೆ ಅಂದಳು: "ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡಿದ್ರಂತೆ. ಆ ಹುಡುಗನಿಗೆ ಮೈ ಹುಷಾರಿದೆಯೋ ಇಲ್ಲವೋ ಯಾರಾದ್ರೂ ಕೇಳಿದ್ರಾ?"

"ಆಟಗಾರರಿಗೆ ಏನೇ ಬರೋದು? ದಿನಾ ಡಾಕ್ಟರು ನೋಡ್ತಾರೆ," ಎಂದು ಅಣ್ಣ ನಕ್ಕ.

ಕೊಕ್ಕರೆಯನ್ನು ಕಾಯಂ ಮಾಡಿಕೊಳ್ಳುವ ಮನಸ್ಸು ಕ್ಲಬ್ಬಿಗಿದೆ ಎಂಬ ಸುದ್ದಿ ಹಬ್ಬಿದಾಗ ಅಣ್ಣನಿಗೆ ತಡೆಯಲಾಗಲಿಲ್ಲ. ಮಾತಿನಲ್ಲಿ ಮುಗಿಯುವ ಕೆಲಸವಲ್ಲ ಇದು ಎಂದು ತೀರ್ಮಾನಿಸಿ, ಬೇಕರಿಯಲ್ಲಿ ಸೇರುತ್ತಿದ್ದ ಅಭಿಮಾನಿಗಳನ್ನು ಹುರಿದುಂಬಿಸಿ, ಒಂದು ದೊಡ್ಡ ಬಟ್ಟೆಯ ಬ್ಯಾನರಿಗೆ ತಮ್ಮನ ಅಂಗಡಿಗೇ ಆರ್ಡರ್ ಕೊಟ್ಟ. 'ಎರವಲು ಮಾಲು ವಾಪಸ್' ಎಂಬ ಮೂರು ಪದಗಳೂ ಅವನವೇ. ತಮ್ಮ ಹುಳ್ಳಗೆ ಮುಖ ಮಾಡಿಕೊಂಡು ಮುದ್ರಿಸಿದ. ಕೆಲಸ ಎಂದ ಮೇಲೆ ಕೆಲಸ. ಆದರೂ ಅಂಚು ಹೊಲಿಯುವಾಗ, "ಅಕ್ಷರ ಸ್ವಲ್ಪ ಚಿಕ್ಕದು ಮಾಡಬಹುದಿತ್ತು," ಎಂದು ಗೊಣಗಿದ. "ಅವನಿಗೆ ಕಾಣಬೇಕಲ್ಲ," ಎಂದ ಅಣ್ಣ.

ಬ್ಯಾನರ್ ಉತ್ತರದ ಗ್ಯಾಲರಿಯ ಕಟಕಟೆಗೆ ತೂಗಿತು. ಅದರ ಫೋಟೋ ಪತ್ರಿಕೆಯಲ್ಲಿ ಬಂತು. ಕೊನೆಯ ಪಂದ್ಯ ಮುಗಿದ ಮೇಲೆ ನಿರ್ಧರಿಸುತ್ತೇವೆ ಎಂದು ಕ್ಲಬ್ ಹೇಳಿತು. ಅಣ್ಣ ಒಂದು ವಾರ ಗೆದ್ದ ಕೋಳಿಯ ಹಾಗೆ ಓಡಾಡಿದ.

ಕೊನೆಯ ಪಂದ್ಯದ ಮಧ್ಯಾಹ್ನ ಬಿಸಿಲು ಹದವಾಗಿತ್ತು. ಅಣ್ಣ ಮೈದಾನದ ಮೂಲೆಯಲ್ಲಿ ಆಂಬುಲೆನ್ಸ್ ನಿಲ್ಲಿಸಿ, ಹಿಂಬಾಗಿಲು ತೆರೆದು, ಅದರ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಡ್ಯೂಟಿಯ ನರ್ಸ್. ವಯಸ್ಸಾದ, ಮಾತು ಕಡಿಮೆಯ ಹೆಂಗಸು. ಅವರಿಗೆ ಆಟದ ಗೊಡವೆ ಇರಲಿಲ್ಲ; ಮಡಿಲಲ್ಲಿ ಉಲ್ಲನ್ ಹೆಣಿಗೆ ಇಟ್ಟುಕೊಂಡೇ ಬರುತ್ತಿದ್ದರು. ಮೊದಲಾರ್ಧದಲ್ಲಿ ಗೋಲಿಲ್ಲ. ಎರಡನೆಯದು ಶುರುವಾಗಿ ಸ್ವಲ್ಪ ಹೊತ್ತಿಗೆ ಕೊಕ್ಕರೆ ನಡುಮೈದಾನದಲ್ಲಿ ನಿಂತ. ಕೈ ಸೊಂಟದ ಮೇಲೆ ಹೋಯಿತು. ಗ್ಯಾಲರಿ ಕೂಗಲು ಶುರುಮಾಡಿತು.

"ನೋಡಿ ಸಿಸ್ಟರ್, ಧ್ಯಾನಕ್ಕೆ ನಿಂತ," ಎಂದ ಅಣ್ಣ.

ಕೊಕ್ಕರೆ ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಡಲು ಹೋದವನು ಮುಗ್ಗರಿಸಲಿಲ್ಲ, ಕೈ ಚಾಚಲಿಲ್ಲ, ಮುಖ ಅಡಿಯಾಗಿ ಹಾಗೆಯೇ ಬಿದ್ದ. ಅವನ ಹತ್ತಿರ ಯಾರೂ ಇರಲಿಲ್ಲ. ಉತ್ತರದ ಗ್ಯಾಲರಿಯಲ್ಲಿ ನಗು ಎದ್ದಿತು. ಯಾರೋ ಸಿಳ್ಳೆ ಹಾಕಿದರು. "ನಾಟಕ, ನಾಟಕ" ಎಂಬ ಕೂಗು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯಿತು. ಅಣ್ಣನೂ ನಕ್ಕ.

ನಗುತ್ತಲೇ ಪಕ್ಕಕ್ಕೆ ತಿರುಗಿದರೆ ಅಲ್ಲಿ ಸಿಸ್ಟರ್ ಇರಲಿಲ್ಲ. ಹೆಣಿಗೆ ನೆಲದಲ್ಲಿ ಬಿದ್ದಿತ್ತು. ಆ ವಯಸ್ಸಿನ ಹೆಂಗಸು ಚೀಲ ಹಿಡಿದು ಹುಲ್ಲಿನ ಮೇಲೆ ಓಡುತ್ತಿದ್ದರು. ಶಾಕ್ ಕೊಡುವ ಯಂತ್ರದ ಪೆಟ್ಟಿಗೆ ಕಿತ್ತುಕೊಂಡು ಅಣ್ಣನೂ ಓಡಿದ.

ಅವರು ಹೋಗಿ ಮಗುಚಿದಾಗ ಕೊಕ್ಕರೆಯ ಕಣ್ಣು ಅರ್ಧ ತೆರೆದಿತ್ತು. ಆ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ತುಟಿಯ ಮೇಲೆ ಹುಲ್ಲಿನ ಎಸಳು ಅಂಟಿತ್ತು. ಸಿಸ್ಟರ್ ಕತ್ತಿನ ಪಕ್ಕ ಬೆರಳಿಟ್ಟು, "ನಾಡಿ ಇಲ್ಲ. ಒತ್ತು," ಎಂದರು.

ಅಣ್ಣ ಮಂಡಿಯೂರಿ ಎದೆ ಒತ್ತತೊಡಗಿದ. ಬೇರೆಯವರ ಎದೆಯನ್ನು ಎಷ್ಟೋ ಸಲ ಒತ್ತಿದವನೇ. ಆಗೆಲ್ಲ ಅವರು ಗುರುತಿಲ್ಲದವರು. ಈ ಮುಖವನ್ನು ದಿನವೂ ಊಟದ ಮೇಜಿನ ಮೇಲೆ ಇಟ್ಟುಕೊಂಡು ಹರಿದು ತಿಂದಿದ್ದ. ಅಂಗೈ ಕೆಳಗೆ ಏನೋ ಲಟಕ್ಕೆಂದಿತು. "ಪಕ್ಕೆಲುಬು. ನಿಲ್ಲಿಸಬೇಡ," ಎಂದರು ಸಿಸ್ಟರ್, ಅಂಗಿ ಕತ್ತರಿಸುತ್ತಾ.

ಕ್ರೀಡಾಂಗಣದ ಸದ್ದು ಯಾವಾಗ ನಿಂತಿತೋ ಅವನಿಗೆ ಗೊತ್ತಾಗಲಿಲ್ಲ. ಅಷ್ಟು ಜನ ಸೇರಿದ ಜಾಗದಲ್ಲಿ ತನ್ನ ಉಸಿರು ತನಗೇ ಕೇಳುತ್ತಿತ್ತು. ಆಟಗಾರರು ಸುತ್ತ ನಿಂತು ಬೆನ್ನು ತಿರುಗಿಸಿದರು. ಸಾಲಲಿಲ್ಲ, ಗ್ಯಾಲರಿಯ ಮೇಲಿನಿಂದ ಎಲ್ಲ ಕಾಣುತ್ತಿತ್ತು. "ಮರೆ ಮಾಡೋಕೆ ಏನಾದ್ರೂ ತನ್ನಿ," ಎಂದು ಯಾರೋ ಕೂಗಿದರು.

ತಂದವನು ತಮ್ಮ. ಉತ್ತರದ ಗ್ಯಾಲರಿಯಿಂದ ಬ್ಯಾನರನ್ನು ಹಗ್ಗ ಸಮೇತ ಕಿತ್ತು, ಕಟಕಟೆ ಹಾರಿ, ಕಾವಲಿನವರನ್ನು ತಳ್ಳಿಕೊಂಡು ಬಂದಿದ್ದ. ಆಟಗಾರರು ಅದನ್ನು ಹಿಡಿದು ಸುತ್ತ ಗೋಡೆಯಂತೆ ನಿಲ್ಲಿಸಿದರು. ಬರಹ ಜನರಿಗೆ ಕಾಣಬಾರದೆಂದು ಬ್ಯಾನರಿನ ಬಿಳಿಯ ಹಿಂಬದಿಯನ್ನು ತಮ್ಮ ಹೊರಕ್ಕೆ ತಿರುಗಿಸಿದ್ದ. ಹಾಗಾಗಿ ಅಕ್ಷರಗಳು ಒಳಕ್ಕೆ ಬಂದವು. ಅಣ್ಣ ತಲೆ ಎತ್ತಿದಾಗ ಆಳೆತ್ತರದ ತನ್ನದೇ ಮೂರು ಪದಗಳು ತನ್ನ ಸುತ್ತ ನಿಂತಿದ್ದವು. ಅವನು ತಲೆ ತಗ್ಗಿಸಿ ಒತ್ತಿದ.

"ಕೈ ತೆಗಿ," ಎಂದರು ಸಿಸ್ಟರ್. ಯಂತ್ರ ಶಾಕ್ ಕೊಟ್ಟಿತು. ಉದ್ದನೆಯ ಮೈ ಒಮ್ಮೆ ನೆಲ ಬಿಟ್ಟು ಬಿತ್ತು. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಮತ್ತೆ ಶಾಕ್. ಸಿಸ್ಟರ್ ಕತ್ತಿಗೆ ಬೆರಳಿಟ್ಟು ಕಣ್ಣು ಮುಚ್ಚಿದರು. ತೆರೆದು, "ಬಂತು," ಎಂದರು. "ಗಾಡಿ ತೆಗಿ."

ಆಸ್ಪತ್ರೆಯವರೆಗೆ ಹೇಗೆ ಓಡಿಸಿದನೆಂದು ಅಣ್ಣನಿಗೆ ಆಮೇಲೆ ನೆನಪಾಗಲಿಲ್ಲ. ಒಳಗೆ ಒಪ್ಪಿಸಿ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ತಮ್ಮ ಬಂದು ಪಕ್ಕದಲ್ಲಿ ಕೂತ. ಎದುರು ಗೋಡೆಗೆ ಒರಗಿ ಕ್ಲಬ್ಬಿನ ಡಾಕ್ಟರು ನಿಂತಿದ್ದರು. ಅವರ ಮುಖದಲ್ಲಿ ರಕ್ತವಿರಲಿಲ್ಲ.

"ಹುಟ್ಟಿನಿಂದ ಬಂದದ್ದಂತೆ. ಹೃದಯದ ಗೋಡೆ ದಪ್ಪ," ಎಂದರು ಅವರು, ಯಾರಿಗೆ ಎಂದಿಲ್ಲದೆ. "ಎರವಲು ತಗೊಳ್ಳೋವಾಗ ಅವರ ಕ್ಲಬ್ಬಿನ ಹಳೇ ರಿಪೋರ್ಟನ್ನೇ ಒಪ್ಕೊಂಡ್ವಿ. ಕಾಯಂ ಮಾಡ್ಕೋಬೇಕಾದ್ರೆ ಎಲ್ಲಾ ಪರೀಕ್ಷೆ ಹೊಸದಾಗಿ ಮಾಡಬೇಕು. ಕಳೆದ ವಾರಕ್ಕೆ ದಿನ ಗೊತ್ತು ಮಾಡಿದ್ವಿ. ಹೃದಯದ ಸ್ಕ್ಯಾನೂ ಇತ್ತು ಅದರಲ್ಲಿ."

"ಮತ್ತೆ?" ಎಂದ ತಮ್ಮ.

"ಮೇಲಿನವರು ಫೋನ್ ಮಾಡಿದ್ರು. ಅಭಿಮಾನಿಗಳು ಗಲಾಟೆ ಎಬ್ಬಿಸಿದ್ದಾರೆ, ಬ್ಯಾನರ್ ಗೀನರ್ ಅಂತ ಪತ್ರಿಕೇಲಿ ಬಂದಿದೆ, ಪಂದ್ಯ ಮುಗೀಲಿ, ಆಮೇಲೆ ನೋಡೋಣ ಅಂದ್ರು. ನಾನೂ ಆಗ್ಲಿ ಅಂದೆ."

ಅಣ್ಣನಿಗೆ ಮಾತು ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಎದ್ದು, ಕಾರಿಡಾರಿನ ಕೊನೆಯ ವಾಶ್‌ಬೇಸಿನ್ನಿಗೆ ಹೋಗಿ ವಾಂತಿ ಮಾಡಿಕೊಂಡ. ತಮ್ಮ ಹಿಂದಿನಿಂದ ಬಂದು ನಲ್ಲಿ ತಿರುಗಿಸಿದ. ಅಷ್ಟು ದಿನ ಕೊಕ್ಕರೆಯ ಪರ ವಾದ ಮಾಡಿ ಈಗ ಗೆದ್ದವನು ಅವನೇ. ಒಂದು ಮಾತು ಚುಚ್ಚಿದ್ದರೆ ಅಣ್ಣನಿಗೆ ಹಗುರವಾಗುತ್ತಿತ್ತೇನೋ. ತಮ್ಮ ತನ್ನ ಉಗುರುಗಳನ್ನು ನೋಡಿಕೊಂಡು, "ಮುದ್ರಿಸಿದ್ದು ನಾನು ಅಲ್ವಾ," ಎಂದಷ್ಟೇ ಹೇಳಿದ.

ಮನೆಯಲ್ಲಿ ಅತ್ತಿಗೆ ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ. "ಬದುಕ್ತಾನಂತಾ?" ಎಂದು ಮಾತ್ರ ಕೇಳಿದಳು.

ಬದುಕಿದ. ಎದೆಯೊಳಗೆ ಒಂದು ಸಣ್ಣ ಯಂತ್ರ ಕೂರಿಸಿದರು. ಇನ್ನೆಂದೂ ಆಡಬಾರದು ಎಂದರು. ಬೇಕರಿಯಲ್ಲಿ ಕೆಲವು ದಿನ ಯಾರೂ ಫುಟ್‌ಬಾಲ್ ಮಾತು ಎತ್ತಲಿಲ್ಲ; ಬಂದವರು ಚಹಾ ಕುಡಿದು, ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋದರು.

ಅಣ್ಣನನ್ನು ವಾರ್ಡಿಗೆ ಕರೆದುಕೊಂಡು ಹೋದವಳು ಹೆಂಡತಿಯೇ. "ನೀವೇ ಹೇಳ್ಬೇಕು ರೀ. ಬೇರೆಯವರ ಬಾಯಿಂದ ಅವನಿಗೆ ಗೊತ್ತಾಗ್ಬಾರ್ದು," ಎಂದು ಬಾಗಿಲಲ್ಲೇ ನಿಂತಳು.

ಕೊಕ್ಕರೆ ದಿಂಬಿಗೆ ಒರಗಿದ್ದ. ಹತ್ತಿರದಿಂದ ನೋಡಿದರೆ ತೀರಾ ಎಳೆಯ ಮುಖ. "ನೀವಾ ಎದೆ ಒತ್ತಿದ್ದು?" ಎಂದ. "ಕೆಮ್ಮಿದಾಗೆಲ್ಲ ನಿಮ್ಮನ್ನ ನೆನೆಸ್ಕೋತೀನಿ."

ಅಣ್ಣ ನಿಂತೇ ಎಲ್ಲ ಹೇಳಿದ. ಬ್ಯಾನರ್ ತನ್ನದೆಂದ, ಪದಗಳೂ ತನ್ನವೆಂದ. ಪರೀಕ್ಷೆ ಮುಂದೆ ಹೋದದ್ದನ್ನೂ ಹೇಳಿದ. ಕೊಕ್ಕರೆಯ ಮುಖದಿಂದ ನಗು ಹೋಯಿತು.

"ಪರೀಕ್ಷೆ ವಿಷಯ ನನಗೆ ಯಾರೂ ಹೇಳಿರ್ಲಿಲ್ಲ," ಎಂದ. "ಆದ್ರೆ ಎರಡು ತಿಂಗಳಿಂದ ಓಡಿದ್ರೆ ಕಣ್ಣು ಕತ್ತಲೆ ಬರ್ತಿತ್ತು. ಸ್ವಲ್ಪ ನಿಂತ್ಕೊಂಡ್ರೆ ಸರಿಹೋಗ್ತಿತ್ತು. ಯಾರಿಗೂ ಹೇಳ್ಲಿಲ್ಲ."

"ಯಾಕಪ್ಪಾ?"

"ಹೇಳಿದ್ರೆ ಇಟ್ಕೋತಿದ್ರಾ?" ಎಂದ. "ನಿಮ್ಮ ಬ್ಯಾನರ್ ಓದಿದ ಮೇಲಂತೂ ಬಾಯಿ ಬಿಡೋ ಧೈರ್ಯ ಬರ್ಲಿಲ್ಲ."

ಅಣ್ಣ ಮಂಚದ ಕಂಬಿ ಹಿಡಿದುಕೊಂಡ. ಪರೀಕ್ಷೆಯದೊಂದೇ ತಪ್ಪು ಎಂದುಕೊಂಡು ಬಂದಿದ್ದವನಿಗೆ ಅದರ ಮೇಲೆ ಈ ಮಾತೂ ಬಿತ್ತು. "ಬೈದುಬಿಡು ನನ್ನ," ಎಂದ.

"ಈಗ ಬೈಯೋಕೆ ಉಸಿರಿಲ್ಲ. ಇನ್ನೊಂದ್ಸಲ ಬನ್ನಿ."

ಅವನು ಬೈಯಿಸಿಕೊಳ್ಳಲೆಂದೇ ಮರುದಿನ ಹೋದ. ಆಮೇಲೆ ದಿನವೂ ಹೋದ. ಒಂದು ದಿನ ಕೊಕ್ಕರೆ ನಿಜವಾಗಿಯೂ ಬೈದ. ಕಣ್ಣಲ್ಲಿ ನೀರು ತುಂಬಿಕೊಂಡು, ಬಾಯಿಗೆ ಬಂದಂತೆ ಬೈದ. ಅಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡ. ಅದಾದ ಮೇಲೆ ಇಬ್ಬರಿಗೂ ಮಾತು ಸ್ವಲ್ಪ ಸಲೀಸಾಯಿತು.

ಬಿಡುಗಡೆಯ ದಿನ ಅವನನ್ನು ದೂರದ ಅವನ ಮನೆಗೆ ತಲುಪಿಸುವ ಡ್ಯೂಟಿಯನ್ನು ಅಣ್ಣ ಕೇಳಿ ಪಡೆದ. ತಮ್ಮನೂ ಬಂದು ವಾರ್ಡಿನಿಂದ ಚೀಲಗಳನ್ನು ಇಳಿಸಿ ಗಾಡಿಗೆ ಹತ್ತಿಸಿದ. ಕೊಕ್ಕರೆ ಹಿಂದೆ ಸ್ಟ್ರೆಚರಿನ ಮೇಲೆ ಮಲಗಿ, ಊರು ದಾಟುವಷ್ಟರಲ್ಲಿ ನಿದ್ದೆ ಹೋದ. ಅವನ ತಾಯಿ ಮುಂದೆ, ಚಾಲಕನ ಪಕ್ಕ ಕೂತರು. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುತ್ತಿದ್ದ ಹೆಂಗಸು. ಕೈಯಲ್ಲಿ ಸುಟ್ಟ ಗುರುತುಗಳಿದ್ದವು. ಬಹಳ ದೂರ ರಸ್ತೆ ನೋಡುತ್ತಾ ಕೂತಿದ್ದವರು, "ನೀವು ಆಟ ನೋಡ್ತೀರಾ?" ಎಂದು ಕೇಳಿದರು.

"ನೋಡ್ತೀನಿ ಅಮ್ಮ."

"ನಾನು ಒಂದು ಪಂದ್ಯನೂ ನೋಡಿಲ್ಲ. ಎಲ್ಲಿ ಬಿದ್ದುಬಿಡ್ತಾನೋ ಅಂತ ಭಯ. ಇನ್ನು ನೋಡೋಕೂ ಆಗಲ್ಲ," ಎಂದರು. ಮತ್ತೆ, "ಚೆನ್ನಾಗಿ ಆಡ್ತಿದ್ನಾ?"

ಅಣ್ಣ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ವೇಗ ತಗ್ಗಿಸಿದ.

"ಬಂದ ಹೊಸದರಲ್ಲಿ ಒಂದು ಗೋಲು ಹೊಡೆದ ಅಮ್ಮ," ಎಂದು ಶುರುಮಾಡಿದ. "ಮಂಜು ಬಿದ್ದಿತ್ತು, ಮೈದಾನ ಅರ್ಧ ಕಾಣ್ತಿರ್ಲಿಲ್ಲ. ಎಡಗಡೆಯಿಂದ ಚೆಂಡು ಎತ್ತರಕ್ಕೆ ಬಂತು..."