ನಾಲ್ಕನೆಯ ಸಪ್ಪಳ

ಮೂರನೆಯ ಸಪ್ಪಳ ಎರಡನೆಯದಕ್ಕಿಂತ ಮಂದ, ಎರಡನೆಯದು ಮೊದಲಿನದಕ್ಕಿಂತ ಮಂದ, ಹಾಗೇ ಆಗಬೇಕು, ಆಗಲೇಬೇಕು ಎಂದು ರಜಿಯಾಬಿ ಅಂದುಕೊಳ್ಳುತ್ತಿದ್ದಂತೆ ಲಕ್ಕಪ್ಪನ ಬಾವಿಯಿಂದ ಎದ್ದ ಕಲ್ಲಿನ ಧೂಳು ಬೇವಿನ ಗಿಡದವರೆಗೂ ಬಂದು ಅವಳ ತುಟಿಯ ಮೇಲೆ ಕೂತಿತು — ಸಪ್ಪಳ ಮೊದಲು, ಧೂಳು ಆಮೇಲೆ, ಯಾವಾಗಲೂ ಆಮೇಲೆ, ಧಾರವಾಡದಲ್ಲಿ ಪಿಎಚ್.ಡಿ.ಗೆಂದು ಕೂತು ಎರಡು ವರ್ಷದಿಂದ ಸಮೀಕರಣದಲ್ಲಿ ಬರೆದು ಅಳಿಸಿ ಮತ್ತೆ ಬರೆಯುತ್ತಿರುವುದು ಇದನ್ನೇ ಅಲ್ಲವೇ, ಸ್ಫೋಟದ ಅಲೆ ಬಂದು ಅಪ್ಪಳಿಸಿದರೆ ಗಾಳಿ ರೆಪ್ಪೆ ಬಡಿಯುವುದರೊಳಗೆ ಓಡುತ್ತದೆ, ಧೂಳಿನ ಕಣ ಮಾತ್ರ ನಿಂತಲ್ಲೇ ನಿಂತು, ತಡವಾಗಿ ಎದ್ದು, ಓಡುವ ಗಾಳಿಯನ್ನು ಹಿಂದಕ್ಕೆ ಜಗ್ಗುತ್ತದೆ, ಜಗ್ಗಿದಷ್ಟೂ ಅಲೆಯ ಕಸುವು ಇಳಿಯುತ್ತದೆ, ಗೈಡ್ ಸರ್ ಒಪ್ಪುವುದಿಲ್ಲ, ಧೂಳು ಗಾಳಿ ಎರಡೂ ಕೂಡೇ ಓಡ್ತಾವ ಅಂತ ತಿಳ್ಕೋವಾ, ಗಣಿತ ಸಲೀಸ ಆಗ್ತದ ಎಂದಿದ್ದರು, ಸಲೀಸ ಆಗ್ತದ್ರಿ ಸರ್, ಖರೇ ಆಗೂದಿಲ್ಲ — ಅಂದುಬಿಟ್ಟಿದ್ದಳು, ಅಂದದ್ದಕ್ಕೆ ಇವತ್ತಿಗೂ ಬೇಸರವಿಲ್ಲ.

ಒಂದು, ಎರಡು, ಮೂರು. ಅಬ್ಬಾ ಮದ್ದು ತುಂಬಿದ ಕುಳಿ ನಾಲ್ಕು, ನಾಲ್ಕಕ್ಕೂ ಒಂದೇ ಅಳತೆ, ಹಚ್ಚಿದ ಬತ್ತಿ ನಾಲ್ಕು, ಅವಳೇ ನೋಡಿದ್ದಾಳೆ. ಮಿಶ್ರಿಕೋಟಿಯ ಸುತ್ತ ಯಾರ ಬಾವಿಯಲ್ಲಿ ಬಂಡೆ ಬಂದರೂ ಒಡೆಯಲು ಕರೆಯುವುದು ಅಬ್ಬಾನನ್ನೇ, ಬಾಬಾಸಾಬನನ್ನೇ, ಮೂವತ್ತು ವರ್ಷ, ಹತ್ತೂ ಬೆರಳು ಉಳಿದಿವೆ, ಹೋಗಿರುವುದು ಕಿವಿ ಮಾತ್ರ, ಅಡುಗೆಮನೆಯಿಂದ ಅಮ್ಮಿ ಕೂಗಿದರೂ ಕೇಳಿಸುವುದಿಲ್ಲ, ಅದಕ್ಕೇ ಬೇಸಿಗೆಯ ರಜೆಯಲ್ಲಿ ಎಣಿಸಲು ಅವಳು ಜೊತೆಗೆ ಬರುತ್ತಾಳೆ, ಮೂರು, ಮೂರೇ ಎಂದಳು, ಆದರೆ ಲಕ್ಕಪ್ಪನಿಗೆ ಅವಸರ, ನಾಲ್ಕೂ ಆದ್ವು ನಡೀರಿ ಸಾಬರ, ಕಡೀವು ಎರಡು ಕೂಡೇ ಹಾರಿದ್ವು, ಮಳಿ ಬೀಳೂದ್ರೊಳಗ ಕಲ್ಲು ಮ್ಯಾಲೆ ಬರಬೇಕು, ಅಬ್ಬಾ ಅವಳತ್ತ ತಿರುಗಿ, ಇರಬಹುದು ಬೇಟಿ, ಎರಡು ಕೂಡೇ ಹಾರಿದ್ರ ನಿನ್ನ ಕಿವಿಗೂ ಒಂದ ಕೇಳಿರಬೇಕು ಎನ್ನುತ್ತ ಹಗ್ಗ ಹಿಡಿದು ಬಾವಿಯ ಅಂಚಿಗೆ ಕೂತು ಬಲಗಾಲನ್ನು ಒಳಕ್ಕೆ ಇಳಿಬಿಟ್ಟರು — ಎರಡು ಕೂಡಿ ಹಾರಿದ್ದರೆ? ಹಿಂದಿನ ಅಲೆ ಮುಂದಿನದನ್ನು ಹಿಡಿದು ಒಂದಾಗಿದ್ದರೆ ಬಲ ಹೆಚ್ಚುತ್ತದೆ, ಧೂಳು ಎಷ್ಟು ಜಗ್ಗಿದರೂ ಮೂರನೆಯ ಸಪ್ಪಳ ಎರಡನೆಯದಕ್ಕಿಂತ ಗಡುಸಾಗಿ ಬಡಿಯಬೇಕಿತ್ತು, ಬಡಿಯಲಿಲ್ಲ, ಬಾವಿಯೊಳಗೆ ಧೂಳು ತುಂಬಿದಂತೆ ಒಂದೊಂದಾಗಿ ಮಂದವಾಗುತ್ತಲೇ ಬಂತು, ಅಂದರೆ ಯಾವುದೂ ಕೂಡಲಿಲ್ಲ, ಅಂದರೆ ಒಂದು ಇನ್ನೂ ಕೆಳಗೇ ಇದೆ.

ಓಡಿದಳು, ಅಬ್ಬಾನ ಎಡಗಿವಿಯಲ್ಲಿ ಕೂಗಿದಳು, ಕಾಲು ಮ್ಯಾಲೆ ತಗೀರಿ ಅಬ್ಬಾ, ಇನ್ನೊಂದು ಐತಿ. ಲಕ್ಕಪ್ಪ ಗೊಣಗಿದ, ಬುಕ್ಕಿನ್ಯಾಗ ಇದ್ದದ್ದು ಹೇಳಬ್ಯಾಡವಾ, ಬಾವ್ಯಾಗಿಂದು ಬ್ಯಾರೆ ಇರತೈತಿ. ಬುಕ್ಕಿನ್ಯಾಗ ಇಲ್ರಿ ಕಾಕಾ, ಆ ಬುಕ್ಕು ಇನ್ನ ನಾನ ಬರೀಬೇಕು. ಅದಕ್ಕೆಂದೇ ಇನ್ನೂರು ಮುನ್ನೂರು ಹಾಳೆ ಬರೆದು ಹರಿದಿದ್ದಾಳೆ, ಖರೇನ ಬೇಟಿ, ಖರೇ ಅಬ್ಬಾ, ಒಂದು ತಾಸು ಕೂಡ್ರಿ, ಅಬ್ಬಾ ಅವಳ ಮುಖವನ್ನೇ ನೋಡಿದರು, ಕಾಲು ಮೇಲೆ ಎಳೆದುಕೊಂಡರು, ಮೂವರೂ ಬೇವಿನ ಗಿಡದ ಹಿಂದೆ ಬಂದರು, ಲಕ್ಕಪ್ಪ ಬಿಸಿಲನ್ನು ಬೈಯುತ್ತ ಬೀಡಿ ಹಚ್ಚಿದ, ಬೀಡಿ ಅರ್ಧವೂ ಆಗಿರಲಿಲ್ಲ —

ನೆಲ ಎದ್ದು ಕೂತಿತು. ಕಲ್ಲು ಎಲೆಗಳನ್ನು ಹರಿದುಕೊಂಡು ಬಿದ್ದವು, ಲಕ್ಕಪ್ಪ ಬೀಡಿ ಬಿಟ್ಟು ಅಬ್ಬಾನ ಎರಡೂ ಕೈ ಹಿಡಿದುಕೊಂಡ, ತಪ್ಪಾತ್ರಿ ಸಾಬರ, ತಪ್ಪಾತು, ಅಬ್ಬಾ ಅವಳ ತಲೆಯ ಮೇಲೆ ಅಂಗೈ ಇಟ್ಟರು, ಅವಳ ಮನಸ್ಸು ಆಗಲೇ ಓಡುತ್ತಿತ್ತು, ಧೂಳು ಅಷ್ಟರಲ್ಲಿ ತಳಕ್ಕೆ ಇಳಿದಿತ್ತು, ಅದಕ್ಕೇ ನಾಲ್ಕನೆಯದು ಮೂರನೆಯದಕ್ಕಿಂತ ಜೋರು, ಸರಿಯಾಯಿತು, ಸೋಮವಾರ ಸರ್‌ಗೆ ಹೇಳಬೇಕು, ಸಮೀಕರಣದಿಂದ ಧೂಳು ಜಗ್ಗುವ ಬಲದ ಪದವನ್ನು ತೆಗೆಯುವುದಿಲ್ಲ, ಅದರ ಮುಂದಿನ ಸಾಲು — ಮುಂದಿನ ಸಾಲು ಬರಲಿಲ್ಲ, ಕಾಲು ಬಂತು, ಅಬ್ಬಾನ ಬಲಗಾಲು, ಮತ್ತೆ ಬರೆಯಹೋದಳು, ಮತ್ತೆ ಕಾಲೇ, ಬಾವಿಯ ಅಂಚಿನಾಚೆ ಇಳಿದ ಕಾಲು, ಸೀಳಿದ ಹಿಮ್ಮಡಿ, ಸೀಳಿನಲ್ಲಿ ಕಲ್ಲಿನ ಪುಡಿ, ಇನ್ನೂ ಏನನ್ನೂ ಮೆಟ್ಟದ ಕಾಲು.