ಅಕ್ಕನ ಗ್ಲೌಸು

“ಮೊದ್ಲು ಅವಳ ಕೈಗೆ ಗ್ಲೌಸ್ ಹಾಕೋ. ತೊನ್ನಿನ ಕೈ ಊರಿಗೆಲ್ಲ ತೋರಿಸ್ಬೇಕಾ? ಸತ್ತ ಮೇಲಾದ್ರೂ ಮನೆ ಮರ್ಯಾದೆ ಉಳ್ಸು.”

ದೊಡ್ಡಪ್ಪ ಶಾಂತಮಲ್ಲಪ್ಪ ಜಗಲಿ ತುಂಬ ಕೂತಿದ್ದ ಜನರೆದುರು ಹೇಳಿದ. ಅಕ್ಕ ಜಗದಾಂಬಳ ದೇಹವನ್ನು ಗೋಡೆಗೆ ಒರಗಿಸಿ ಕೂರಿಸುತ್ತಿದ್ದ ಮಹೇಶ ತಲೆ ಎತ್ತಲಿಲ್ಲ. ಅವ್ವ ಸತ್ತ ಮೇಲೆ ಅವನನ್ನು ಸಾಕಿದವಳು ಅವಳೇ. ನಿನ್ನೆ ಮೆಣಸು ಹರವುತ್ತಾ ಕಣದಲ್ಲಿ ಕುಸಿದಾಗಲೂ ಅವಳ ಕೈಯಲ್ಲಿ ಗ್ಲೌಸು ಇತ್ತು. ಯಾರೋ ತೊಳೆದು ಕಂಬಕ್ಕೆ ನೇತುಹಾಕಿದ್ದರು. ಮಹೇಶ ಅದನ್ನೇ ತಂದು, ಸೆಟೆದ ಬೆರಳುಗಳಿಗೆ ಒಂದೊಂದಾಗಿ ತೊಡಿಸಿದ.

*

ಮೂರು ವರ್ಷದ ಹಿಂದೆ ಸಕಲೇಶಪುರದಲ್ಲಿ ಚರ್ಮದ ಡಾಕ್ಟರು ಅದೇ ಕೈಯನ್ನು ಬರಿಗೈಯಲ್ಲಿ ಹಿಡಿದು ಕೂತಿದ್ದರು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ಮೈಯೇ ತಪ್ಪಾಗಿ ಕೊಲ್ಲುತ್ತದೆ, ಮುಟ್ಟಿದರೆ ಹರಡುವುದಿಲ್ಲ, ಶಾಪ ಗೀಪ ಅಲ್ಲ ಎಂದರು. ಮೀನು, ಹಾಲು ಒಟ್ಟಿಗೆ ತಿಂದರೆ ಬರುತ್ತದಂತಲ್ಲ ಎಂದು ಅಕ್ಕ ಕೇಳಿದಳು.

“ನೀವು ಮೀನು ತಿಂತೀರಾ?”

“ಅಯ್ಯೋ ಶಿವನೇ, ನಾವು ಲಿಂಗಾಯತ್ರು ಕಣ್ರೀ. ವಾಸನೆಗೇ ಆಗಲ್ಲ.”

ಡಾಕ್ಟರು ನಕ್ಕರು. ಅವಳೂ ನಕ್ಕಳು.

ಮುಲಾಮು, ವಾರಕ್ಕೆರಡು ದಿನ ಬೆಳಕಿನ ಚಿಕಿತ್ಸೆ. ನಾಲ್ಕು ತಿಂಗಳಿಗೆ ಮಣಿಕಟ್ಟಿನ ಬಿಳುಪಿನೊಳಗೆ ಎಳ್ಳಿನಂಥ ಕಂದು ಚುಕ್ಕೆಗಳು ಎದ್ದವು. ಇವು ಹರಡಿ ಕೂಡಿಕೊಂಡರೆ ಬಣ್ಣ ಬಂದಂತೆ, ಬೆರಳ ತುದಿ ಮಾತ್ರ ಕಷ್ಟ, ನಡುವೆ ನಿಲ್ಲಿಸಬೇಡಿ ಎಂದರು ಡಾಕ್ಟರು. ಅಕ್ಕ ಬಸ್ಸಿನಲ್ಲಿ ಚುಕ್ಕೆ ಎಣಿಸುತ್ತಾ ಬಂದಳು. ಹದಿನೇಳು.

ಆ ವಾರವೇ ಪಾಳ್ಯದಿಂದ ಹೆಣ್ಣಿನ ಕಡೆಯವರು ಮಹೇಶನನ್ನು ನೋಡಲು ಬರುತ್ತೇವೆಂದರು. ದೊಡ್ಡಪ್ಪ ತಂದ ಸಂಬಂಧ. ಗಿಡಗಳಿಗೆ ಔಷಧಿ ಹೊಡೆಯುವಾಗ ಹಾಕುವ ರಬ್ಬರ್ ಗ್ಲೌಸನ್ನು ಮಹೇಶ ಅಕ್ಕನ ಮುಂದಿಟ್ಟ.

“ಇದ್ನ ಹಾಕ್ಕಂಬುಡಕ್ಕ. ಕೈ ಸುಟ್ಟೈತೆ ಅನ್ನು. ಮದ್ವೆ ಆಗೋಗಂಟ ಆಸ್ಪತ್ರೆಗೂ ಹೋಗ್ಬೇಡ, ಬಸ್ಸಲ್ಲಿ ಯಾರಾದ್ರೂ ನೋಡ್ಬುಟ್ಟಾರು.”

ಅವಳು ಹಾಕಿಕೊಂಡಳು. ಆ ಸಂಬಂಧ ಕೂಡಲಿಲ್ಲ. ಆಮೇಲೆ ಬಂದ ಎರಡೂ ಕೂಡಲಿಲ್ಲ. ತೆಗಿ ಎಂದು ಅವನು ಹೇಳಲಿಲ್ಲ. ಅವಳು ತೆಗೆಯಲಿಲ್ಲ.

*

ಗುಂಡಿಯೊಳಗೆ ಅಕ್ಕನನ್ನು ಕೂರಿಸಿದ್ದಾಯಿತು. ಅವಳ ಕೊರಳಿನ ಲಿಂಗವನ್ನು ಬಿಚ್ಚಿ ಹಿಡಿದ ಅಯ್ನೋರು ಬಸವಯ್ಯ, ಅವಳ ಎಡಗೈ ನೋಡಿ ತಡೆದರು.

“ಅಂಗೈ ಬೇಕಪ್ಪ. ರಬ್ಬರ್ ಮೇಲೆ ಲಿಂಗ ಇಡಕ್ಕಾಗಲ್ಲ.”

ಮಹೇಶ ಗುಂಡಿಗಿಳಿದು ಗ್ಲೌಸು ಎಳೆದ. ಬೆಳ್ಳನೆಯ ಮಣಿಕಟ್ಟಿನ ಮೇಲೆ ಕಂದು ಚುಕ್ಕೆಗಳು ಹಾಗೇ ಇದ್ದವು. ಎಣಿಸತೊಡಗಿದ. ಒಂಬತ್ತಕ್ಕೆ ಕಣ್ಣು ಮಂಜಾಯಿತು. ಕೈತುಂಬ ವಿಭೂತಿ ತೆಗೆದುಕೊಂಡು ಅವಳ ಕೈಗೆ ಬಳಿದ. ಅಯ್ನೋರು ಕೊಟ್ಟ ಲಿಂಗವನ್ನು ಅಂಗೈಯಲ್ಲಿ ಕೂರಿಸಿದ.

ಮೇಲೆ ಬಂದಾಗ ದೊಡ್ಡಪ್ಪ ಎಲ್ಲರಿಗೂ ಕೇಳುವ ಹಾಗೆ ಅಂದ, “ಈಗ ತೆಗ್ದು ದೊಡ್ಡೋನಾಗ್ತೀಯೇನೋ? ಮೊದ್ಲು ಹಾಕ್ಸಿದ್ದು ಯಾರು, ಹೇಳು.”

ಮಣ್ಣು ಹಾಕಿದವರು ಕೈ ತೊಳೆಯಲು ಬಕೆಟ್ಟು, ಸೋಪು ಇಟ್ಟಿದ್ದರು. ಮಹೇಶ ಅದನ್ನು ದಾಟಿ ಕಾಫಿ ಗಿಡಗಳ ನಡುವಿನ ದಾರಿ ಹಿಡಿದ. ಒಂದು ಕೈಯಲ್ಲಿ ಗ್ಲೌಸು ಇತ್ತು. ಇನ್ನೊಂದು ಕೈ, ವಿಭೂತಿ ಹತ್ತಿ, ಮಣಿಕಟ್ಟಿನ ತನಕ ಬೆಳ್ಳಗಿತ್ತು.