ಅಂಗಾಲಿನ ಸುದ್ದಿ

ಈರಬಸಪ್ಪ ಸುಳ್ಳು ಹೇಳುತ್ತಿದ್ದಾನೆ ಎಂಬುದು ಆ ಕೋಣೆಯಲ್ಲಿ ಅವನ ಹೆಂಡತಿ ಶಿವಬಸವ್ವನಿಗೆ ಮಾತ್ರ ಗೊತ್ತಿತ್ತು.

ಮರಾಠಿ ಸೀಮೆಯ ಕಾತ್ರಜದ ದವಾಖಾನೆ. ಮಂಚದ ಮೇಲೆ ಕಾಲು ಚಾಚಿ ಮಲಗಿದ ಈರಬಸಪ್ಪನ ಕಣ್ಣಿಗೆ ಟವೆಲ್ಲು ಮುಚ್ಚಿತ್ತು. ಡಾಕ್ಟರ್ ಹರ್ಷದಾ ಅವನ ಕಾಲ ಬಳಿ ಸ್ಟೂಲಿನ ಮೇಲೆ ಕೂತು, ಗಾಳದ ದಾರದಂಥ ಒಂದು ನೈಲಾನ್ ಎಳೆಯನ್ನು ಅಂಗಾಲಿನ ಅಲ್ಲಲ್ಲಿ ಒತ್ತಿ ನೋಡುತ್ತಿದ್ದಳು. ತಾಗಿದಾಗ "ಹೂಂ" ಅನ್ನಬೇಕು, ಪರೀಕ್ಷೆ ಎಂದರೆ ಇಷ್ಟೇ. ಈರಬಸಪ್ಪ ಒಂದೂ ತಪ್ಪದೆ ಹೂಂಗುಟ್ಟುತ್ತಿದ್ದ. ಆದರೆ ಡಾಕ್ಟರು ಮುಂದಕ್ಕೆ ಬಾಗಿದಾಗಲೆಲ್ಲ ಸ್ಟೂಲು ಕಿರ್ ಅನ್ನುತ್ತಿತ್ತು. ಅದು ಕಿರ್ ಅಂದ ಮೇಲೆಯೇ ಇವನ ಹೂಂ ಬರುತ್ತಿತ್ತು. ನಡುವೆ ಹರ್ಷದಾ ನೆಲಕ್ಕೆ ಬಿದ್ದ ಪೆನ್ನು ಎತ್ತಿಕೊಳ್ಳಲು ಬಾಗಿದಳು. ಆಗಲೂ ಹೂಂ ಅಂದ. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು, ಆ ಹೂಂ ಅವಳ ಗಮನಕ್ಕೆ ಬರಲಿಲ್ಲ.

ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿ ತಲೆ ಬೆಳ್ಳಗಾದ ಮನುಷ್ಯ. ಎದುರಿನವನ ಕೆಮ್ಮು ಕೇಳಿ ಅವನ ಮನಸ್ಸಿನ ದರ ಊಹಿಸುವವನಿಗೆ ಒಂದು ಸ್ಟೂಲು ಯಾವ ಲೆಕ್ಕ?

"ಕಾಕಾ, ನಿಮ್ಮ ನರ ಸದ್ಯಕ್ಕ ಚಲೋ ಅದಾವ್ರಿ," ಹರ್ಷದಾ ಹೇಳಿದಳು. ಧಾರವಾಡದ ಕಡೆಯವರ ಮಗಳು, ಇವರೊಡನೆ ಮನೆಮಾತೇ ಆಡುತ್ತಿದ್ದಳು. "ಸಕ್ಕರಿ ಹಿಡತದಾಗ ಇಡ್ರಿ. ಕಾಕೂ, ನಿಮ್ಮದೇನರೆ ಹೇಳೂದದ?"

"ಏನಿಲ್ಲವ್ವಾ," ಎಂದು ಶಿವಬಸವ್ವ ಸೆರಗು ಸರಿಮಾಡಿಕೊಂಡಳು.

ಈ "ಏನಿಲ್ಲ" ಅವಳ ಬಾಯಿಂದ ಸುಮ್ಮನೆ ಬಂದದ್ದಲ್ಲ. ಅದು ವರ್ಷಗಟ್ಟಲೆ ಒಳಗೇ ಕುದ್ದು ಗಟ್ಟಿಯಾದ ಮಾತು.

ಹಿಂದೆ ಅವಳ ಎಡಗೆನ್ನೆಗೆ ಒಂದು ನೋವು ಗಂಟುಬಿದ್ದಿತ್ತು. ಮುಖ ತೊಳೆದರೆ, ರೊಟ್ಟಿ ಅಗಿದರೆ, ಕಿಟಕಿಯಿಂದ ಒಂದಿಷ್ಟು ಗಾಳಿ ಬೀಸಿದರೆ ಸಾಕು, ಕಾದ ಕಬ್ಬಿಣ ಎಳೆದಂತೆ ಗದ್ದದಿಂದ ಕಿವಿಯವರೆಗೆ ಓಡುತ್ತಿತ್ತು. ಕ್ಷಣ ಬಿಟ್ಟು ಏನೂ ಆಗಿಯೇ ಇಲ್ಲವೆಂಬಂತೆ ಸುಮ್ಮನಾಗುತ್ತಿತ್ತು. ಗಂಡ ಅದನ್ನು ಹಲ್ಲುನೋವೆಂದು ತೀರ್ಮಾನಿಸಿ, ತನ್ನ ಗುರುತಿನ ಹಲ್ಲಿನ ಡಾಕ್ಟರನ ಕೈಯಲ್ಲಿ ಒಂದಾದ ಮೇಲೊಂದರಂತೆ ಮೂರು ಗಟ್ಟಿ ದವಡೆಹಲ್ಲು ಕೀಳಿಸಿದ. ಹಲ್ಲು ಹೋದವು, ನೋವು ಇದ್ದಲ್ಲೇ ಇತ್ತು. ಆಮೇಲೆ ಅವನು ನೋವೇ ಸುಳ್ಳೆಂದ.

ಒಂದು ಅಮವಾಸ್ಯೆ, ಅಂಗಡಿ ಪೂಜೆ ಮುಗಿಸಿ ಪಕ್ಕದ ವ್ಯಾಪಾರಿಗಳು ಊಟಕ್ಕೆ ಬಂದಿದ್ದರು. ಬಡಿಸುವಾಗ ಅವಳ ಕೆನ್ನೆಗೆ ಆ ಬೆಂಕಿ ಬಿತ್ತು. ಕೈಯಲ್ಲಿದ್ದ ಸಾರಿನ ಪಾತ್ರೆ ಜಾರಿತು. ಈರಬಸಪ್ಪ ಕದಲದೆ, "ನಮ್ಮ ಮನ್ಯಾಗ ನಾಟಕ ಕಂಪನಿ ಅದರಿ. ಟಿಕೇಟ ಇಲ್ಲ, ಕುಂತು ನೋಡ್ರಿ," ಅಂದ. ಪಂಕ್ತಿಯೆಲ್ಲ ನಕ್ಕಿತು. ನೆಲಕ್ಕೆ ಚೆಲ್ಲಿದ ಸಾರನ್ನು ಅವರ ಎಲೆಗಳ ನಡುವೆ ಬಗ್ಗಿ ಒರೆಸಿದವಳು ಅವಳೇ.

ಕಡೆಗೆ ತಾನೇ ಒಬ್ಬಳೇ ಬಸ್ಸು ಹತ್ತಿ ಈ ದವಾಖಾನೆಗೆ ಬಂದಿದ್ದಳು. ಹರ್ಷದಾ ಒಂದು ಹಾಳೆಯ ಮೇಲೆ ಗೆರೆ ಎಳೆದು ತಿಳಿಸಿದ್ದಳು: "ನರದ ಕೋಶಕ್ಕ ಒಂದು ಉದ್ದನ್ನ ಎಳಿ ಇರ್ತದ ಕಾಕೂ, ಸುದ್ದಿ ಒಯ್ಯಾಕ. ಅದರ ಸುತ್ತ ಬ್ಯಾರೆ ಕೋಶಗೋಳು ಹೊದಿಕಿ ಸುತ್ತಿರ್ತಾವ. ನಿಮಗ ಒಳಗೊಂದು ರಕ್ತನಾಳ ಬಡದು ಬಡದು ಆ ಹೊದಿಕಿ ಸವದದ. ಗಾಳಿ ತಾಗಿದ ಸುದ್ದಿ ಬೆಂಕಿ ತಾಗಿದಂಗ ಮುಟ್ಟತದ."

"ಅಂದ್ರ ಸುಳ್ಳಲ್ಲ?"

"ಸುದ್ದಿ ಸುಳ್ಳು ಇರಬಹುದರಿ. ನೋವು ಖರೇನ."

ಗುಳಿಗೆಗೆ ನೋವು ತಗ್ಗಿತು. ಮನೆಗೆ ಬಂದು ಹೇಳಿದರೆ, "ಡಾಕ್ಟರು ಗುಳಗಿ ಮಾರಬ್ಯಾಡೇನು?" ಎಂದು ಗಂಡ ಪೇಪರು ತಿರುವಿದ. ಆಡಿದ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಈಗ ಸರದಿ ಅವನದು. ಕಾಲ್ಬೆರಳಿನಿಂದ ಬೆನ್ನಿನವರೆಗೆ ಒಂದೇ ಕೋಶದ ಒಂದೇ ಎಳೆ ಹೋಗುತ್ತದೆ, ಮೈಯೊಳಗಿನ ಎಳೆಗಳಲ್ಲೆಲ್ಲ ಉದ್ದದ್ದು, ಸಕ್ಕರೆ ಏರಿದರೆ ಅದರ ತುದಿಯೇ ಮೊದಲು ಒಣಗುತ್ತದೆ ಎಂದು ಅವಳು ಕೇಳಿ ತಿಳಿದಿದ್ದಳು. ಸುದ್ದಿ ಬಾರದ ಕಾಲಿಗೆ ಗಾಯವಾದರೆ ಕೊಳೆತು ಕಡಿಯುವವರೆಗೂ ಗೊತ್ತಾಗುವುದಿಲ್ಲ ಎಂಬುದನ್ನೂ. ತಿಳಿದೇ ಅವಳು ಏನಿಲ್ಲ ಅಂದದ್ದು.

ಮುಂದಿನ ಅಮವಾಸ್ಯೆ ಬಂತು. ಬೆಳಿಗ್ಗೆ ಸ್ನಾನ ಮಾಡಿ ಈರಬಸಪ್ಪ ಲಿಂಗಪೂಜೆಗೆ ಕೂತಿದ್ದ. ಚಕ್ಕಳಮಕ್ಕಳ ಹಾಕಿದ ಕಾಲು, ಎಡ ಅಂಗೈಯಲ್ಲಿ ಲಿಂಗ, ಮುಚ್ಚಿದ ಕಣ್ಣು. ಪತ್ರಿಯ ತಟ್ಟೆ ಇಡಲು ಬಗ್ಗಿದ ಶಿವಬಸವ್ವನಿಗೆ ಮೇಲ್ಮುಖವಾಗಿದ್ದ ಅವನ ಎಡ ಹಿಮ್ಮಡಿ ಕಂಡಿತು. ಅದರ ನಡುವೆ ಒಂದು ಕರಿಯ ಚುಕ್ಕೆ, ಸುತ್ತ ಕೆಂಪು ಬಾವು. ಇನ್ನೂ ಬಗ್ಗಿ ನೋಡಿದಳು. ಗೋಣಿಚೀಲ ಹೊಲಿಯುವ ದಬ್ಬಣದ ಮುರಿದ ಮೊನೆ. ಗೋದಾಮಿನಲ್ಲಿ ಮಾಲೇ ಲಕ್ಷ್ಮಿಯೆಂದು ಅವನು ಚಪ್ಪಲಿ ಮೆಟ್ಟುತ್ತಿರಲಿಲ್ಲ. ಅಲ್ಲಿ ನಟ್ಟದ್ದು. ಮೆಣಸಿನಕಾಯಿ ಪುಡಿಯೂ ಒಳಗೇ ಹೋಗಿರಬೇಕು. ಅದೂ ಉರಿದಿಲ್ಲ ಅವನಿಗೆ.

ಪತ್ರಿಯ ತಟ್ಟೆ ಇಟ್ಟು ಅಡುಗೆಮನೆಗೆ ಹೋದಳು. ಹೂರಣ ರುಬ್ಬಿದಳು. ಹೊರಗೆ ಅವನು ಪಡಸಾಲೆಯಿಂದ ಬಾಗಿಲಿಗೆ, ಬಾಗಿಲಿಂದ ಪಡಸಾಲೆಗೆ ಓಡಾಡುವ ಸಪ್ಪಳ ಒಂದೊಂದೂ ಕಿವಿಗೆ ಬೀಳುತ್ತಿತ್ತು. ಪ್ರತಿ ಹೆಜ್ಜೆಗೂ ಮೊನೆ ಇನ್ನಷ್ಟು ಒಳಗೆ. ಹೋಳಿಗೆ ಎಂದಿಗಿಂತ ದುಂಡಗೆ ಬಂದವು.

"ಅತ್ತಿ, ನೆಲದ ಮ್ಯಾಲ ಕೆಂಪಗ ಏನ ಬಿದ್ದದ?" ಸೊಸೆ ಸಪ್ನಾ ಕೇಳಿದಳು.

"ಕುಂಕುಮ ಇದ್ದೀತು. ಒರಸಿಬಿಡು."

ಮಧ್ಯಾಹ್ನ ಪಂಕ್ತಿ ಕೂತಿತು. ಪಕ್ಕದ ಬೆಲ್ಲದಂಗಡಿಯ ಅಪ್ಪಾಸಾಹೇಬ, ಎದುರಿನ ಈರಣ್ಣ, ಇನ್ನಿಬ್ಬರು. ಎಲ್ಲ ಆ ಹಳೆಯ ಅಮವಾಸ್ಯೆಗೆ ಇದ್ದವರೇ.

"ವೈನಿ, ಹೋಳಿಗಿ ಅಂದ್ರ ನಿಮ್ಮ ಮನೀದ," ಅಪ್ಪಾಸಾಹೇಬ ಹೊಗಳಿದ.

ಈರಣ್ಣನಿಗೆ ಸುಮ್ಮನಿರಲು ಬರುತ್ತಿರಲಿಲ್ಲ. "ಈ ಸರ್ತಿ ಸಾರು ಎಲಿಗೆ ಬೀಳ್ತದೋ ನೆಲಕ್ಕೋ, ವೈನಿ?"

ಪಂಕ್ತಿ ಮತ್ತೆ ನಕ್ಕಿತು. ಈರಬಸಪ್ಪ ಎಲ್ಲರಿಗಿಂತ ಜೋರಾಗಿ.

ಶಿವಬಸವ್ವ ಪಾತ್ರೆ ಕೆಳಗಿಟ್ಟಳು. "ಸಾರಿನ ಆಟ ಹಳೇದಾತ್ರಿ ಈರಣ್ಣಾರ. ಇವತ್ತ ಹೊಸಾದೊಂದು ಅದ. ನಮ್ಮನಿಯವರ ಕಾಲಾಗ ದಬ್ಬಣದ ಮೊನಿ ನಟ್ಟದ. ಯಾವ ಕಾಲು ಅಂತ ಅವರ ಬಾಯಿಲೆ ಹೇಳಲಿ."

"ಏನ ಹಚ್ಚೀ ನೀ? ಊಟಕ್ಕ ಬಡಸು."

"ಬಡಸ್ತೀನಿ. ಎಡಗಾಲೋ ಬಲಗಾಲೋ ಅಂದುಬಿಡ್ರಿ. ಡಾಕ್ಟರ ಮುಂದ ಎಲ್ಲಾ ತಾಗ್ತದ ಅಂದೀರಿ."

ಈರಬಸಪ್ಪ ನಗಲು ನೋಡಿದ. ಎಲೆಯ ಮುಂದೆ ಕೂತಲ್ಲೇ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿದ. ಎರಡೂ ಸುಮ್ಮನಿದ್ದವು. ಆಮೇಲೆ ತನ್ನ ಕಸುಬಿಗೆ ತಿರುಗಿದ: ಒಬ್ಬೊಬ್ಬರ ಮುಖ ನೋಡಿದ. ಅವರಿಗೇ ಗೊತ್ತಿಲ್ಲ, ಮುಖದಲ್ಲಿ ಏನು ಸಿಗಬೇಕು? ಕೊನೆಗೆ ಹೆಂಡತಿಯ ಮುಖ ನೋಡಿದ. ಕೆನ್ನೆ ಕದಲಿದರೆ ಬೆಂಕಿ ಬೀಳುತ್ತದೆಂದು ವರ್ಷಗಟ್ಟಲೆ ಕಲ್ಲಿನಂತೆ ಇಟ್ಟುಕೊಂಡು ಪಳಗಿದ ಮುಖ ಅದು. ಒಂದು ಗೆರೆಯೂ ಅಲುಗಲಿಲ್ಲ.

"ಬಲಗಾಲು," ಅಂದ.

ಅವಳು ಬಗ್ಗಿ ಅವನ ಎಡಗಾಲನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು. ಹಿಮ್ಮಡಿ ಊದಿಕೊಂಡಿತ್ತು. ಈರಣ್ಣನ ಕೈಯ ತುತ್ತು ಎಲೆಗೆ ಮರಳಿತು.

"ತಗೀ ಅದನ್ನ," ಈರಬಸಪ್ಪನ ದನಿ ಸಣ್ಣಗಾಗಿತ್ತು.

"ತಗಸೂಣು. ಮೊದಲ ಇವರ ಮುಂದ ಒಂದು ಮಾತು ಹೇಳ್ರಿ. ನನ್ನ ನೋವು ಖರೆ ಇತ್ತೋ ನಾಟಕೋ?"

"ಈಗದು ಯಾಕ..."

"ನನಗೇನು ಅವಸರಿಲ್ಲ. ಕಾಲು ನಿಮ್ಮದು."

ಅವನು ತಲೆ ತಗ್ಗಿಸಿದ. "ಖರೆ ಇತ್ತು."

"ಈರಣ್ಣಾರಿಗೆ ಕೇಳಿಸ್ಲಿಲ್ಲ."

"ಖರೆ ಇತ್ತಂದೆ."

ಅವಳು ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟು, "ಸಾರು ಹಾಕ್ಲೇನ್ರಿ ಅಪ್ಪಾಸಾಹೇಬರ?" ಎಂದು ಸೌಟು ಹಿಡಿದಳು. ಅಷ್ಟರಲ್ಲೇ ಅಪ್ಪಾಸಾಹೇಬ ಕೈ ತೊಳೆದು ಗಾಡಿ ತರಲು ಓಡಿದ್ದ.

ಹರ್ಷದಾ ಮೊನೆ ತೆಗೆದು, ಕೀವು ತೊಳೆದು, ಕಾಲು ಉಳಿಯುತ್ತದೆಂದಳು. ಆದರೆ ತಿಂಗಳುಗಟ್ಟಲೆ ಪಟ್ಟಿ. "ಪರೀಕ್ಷೆಯೊಳಗ ಎಲ್ಲಾ ತಾಗ್ತದ ಅಂದಿದ್ರಲ್ಲ ಇವರು?"

"ನಿಮ್ಮ ಸ್ಟೂಲಿನ ಸಪ್ಪಳಕ್ಕ ಹೂಂ ಅಂದಾರ," ಅಂದಳು ಶಿವಬಸವ್ವ.

"ಅವತ್ತ ಹೇಳಬೇಕಿತ್ತಲ್ರಿ ಕಾಕೂ. ನಾ ಕೇಳಿದ್ದೆ."

"ಕೇಳಿದ್ರಿ. ಏನಿಲ್ಲ ಅಂದೆ."

ಹರ್ಷದಾ ಪಟ್ಟಿಯ ತುದಿ ಬಿಗಿದು, ಮುಂದಿನ ಮಾತಿಗೆ ಹೋದಳು. ಒಣಗಿದ ಎಳೆ ಮತ್ತೆ ಚಿಗುರುವ ಭರವಸೆ ಇಲ್ಲ. ದಿನಾ ಸಂಜೆ ಎರಡೂ ಅಂಗಾಲನ್ನು ಯಾರಾದರೂ ಬೆಳಕಿನಲ್ಲಿ ಹುಡುಕಿ ನೋಡಬೇಕು, ಬೆರಳಿನ ಸಂದಿಗಳನ್ನೂ ಬಿಡಬಾರದು. "ಯಾರು ನೋಡ್ತೀರಿ?"

"ನಾನ ನೋಡ್ತೀನಿ," ಶಿವಬಸವ್ವ ಹೇಳಿದಳು. "ಬ್ಯಾರೆಯವರಿಗೆ ಬಿಟ್ಟುಕೊಡೂದಿಲ್ಲ."

ಅಂದಿನಿಂದ ಅದೇ ನಡೆದಿದೆ. ಹೊಟ್ಟೆ ಅಡ್ಡ ಬರುವುದರಿಂದ ಈರಬಸಪ್ಪನಿಗೆ ತನ್ನ ಅಂಗಾಲು ತನಗೆ ಕಾಣುವುದಿಲ್ಲ. ಸಂಜೆ ಕುರ್ಚಿಯ ಮೇಲೆ ಕೂತು ಎರಡೂ ಕಾಲನ್ನು ಹೆಂಡತಿಯ ಮುಂದೆ ಚಾಚುತ್ತಾನೆ. ಅವಳು ಚಸ್ಮಾ ಒರೆಸಿಕೊಳ್ಳುತ್ತಾಳೆ, ದೀಪ ಹತ್ತಿರಕ್ಕೆ ಎಳೆಯುತ್ತಾಳೆ, ಒಂದೊಂದೇ ಬೆರಳು ಬಿಡಿಸಿ ನೋಡುತ್ತಾಳೆ. ಹಿಮ್ಮಡಿಯ ಬಳಿ ಬಂದಾಗ ಕೈ ನಿಲ್ಲಿಸುತ್ತಾಳೆ.

"ಏನದ?"

ಅವಳು ದೀಪವನ್ನು ಇನ್ನಷ್ಟು ಹತ್ತಿರ ಹಿಡಿಯುತ್ತಾಳೆ.

"ಏನರೆ ಆಗೇದೇನು? ಹೇಳು."

"ಹಾಲು ಉಕ್ಕಾಕತ್ತದ. ತಡೀರಿ, ಬಂದು ಹೇಳ್ತೀನಿ."

ಅವನು ಗಾಳಿಯಲ್ಲಿ ಕಾಲು ಎತ್ತಿಕೊಂಡು, ನೆಲಕ್ಕೆ ಇಡಲೂ ಹೆದರಿ ಕಾಯುತ್ತಾನೆ. ಒಳಗೆ ಒಲೆ ಆರಿರುತ್ತದೆ, ಹಾಲು ಯಾವಾಗಲೋ ಕಾದು ತಣ್ಣಗಾಗಿರುತ್ತದೆ. ಶಿವಬಸವ್ವ ಲೋಟಕ್ಕೆ ಬಗ್ಗಿಸಿಕೊಂಡು, ಕಟ್ಟೆಗೆ ಒರಗಿ ನಿಂತು, ಗುಟುಕು ಗುಟುಕಾಗಿ ಕುಡಿಯುತ್ತಾಳೆ.